ಒಂದು ನಿಮಿಷ, ಯಾರೂ ಮಾತಾಡಬೇಡಿ

ಸಂದರ್ಶನ ಮುಗಿದು ಕ್ಯಾಮೆರಾ ಕಣ್ಣು ಮುಚ್ಚಿದ ಮೇಲೆ
ನಾನು ಕೈ ಎತ್ತುತ್ತೇನೆ:
ಒಂದು ನಿಮಿಷ, ಯಾರೂ ಮಾತಾಡಬೇಡಿ, ಅಲುಗಾಡಬೇಡಿ,
ಕೋಣೆಯ ಸದ್ದು ಹಿಡಿಯಬೇಕು.

ಯಾಕೆ ಅನ್ನುತ್ತಾರೆ ಎಲ್ಲರೂ.
ಮಾತಿಗೆ ಕತ್ತರಿ ಬಿದ್ದಲ್ಲಿ ತೇಪೆ ಹಾಕಲು
ಇದೇ ಮನೆಯ ಮೌನ ಬೇಕು,
ಪಕ್ಕದ ಮನೆಯದು ಹಾಕಿದರೆ ಹೊಲಿಗೆ ಎದ್ದು ಕಾಣುತ್ತದೆ.
ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ,
ನನಗೆ ಎರಡಕ್ಕೂ ಒಂದೇ ದಿನಗೂಲಿ,
ಅದೂ ಚಿತ್ರ ಎಲ್ಲಾದರೂ ಮಾರಿಹೋದರೆ.

ಗ್ಯುಮ್ರಿಯ ಎಷ್ಟೋ ಮನೆಗಳ ನಿಮಿಷಗಳು
ನನ್ನ ಪೆಟ್ಟಿಗೆಯಲ್ಲಿವೆ.
ಭೂಕಂಪದ ಮರುವರ್ಷ ಕೊಟ್ಟ ತಗಡಿನ ಡಬ್ಬದಲ್ಲೇ
ಮುದುಕನಾದ ಕ್ಷೌರಿಕ ಬಾಗ್ದಾಸರ್‌ನದು:
ಬಿಸಿಲಿಗೆ ತಗಡು ಮೈಮುರಿಯುವ ಟಿಕ್, ಟಿಕ್.
ಗಡಿಯಿಂದ ತಮ್ಮ ಬಾರದ ನಾಜೆಲಿಯದು:
ಉಸಿರನ್ನೇ ಬಿಗಿಹಿಡಿದು ಕೂತಿದ್ದಳು,
ಬಿಟ್ಟಾಗ ಮೀಟರಿನ ಮುಳ್ಳು ಕೆಂಪಿಗೆ ಹಾರಿತು.
ವಿಚ್ಛೇದನದ ಹಿಂದಿನ ಸಂಜೆ
ಒಂದೇ ಸೋಫಾದ ಎರಡು ತುದಿಗೆ ಕೂತ ಗಂಡಹೆಂಡಿರದು.
ನಲವತ್ತನೆಯ ಸೆಕೆಂಡಿಗೆ ಇಬ್ಬರೂ ನಕ್ಕುಬಿಟ್ಟರು.
ಅದನ್ನು ಬಳಸಲಾಗಲಿಲ್ಲ.

ಅರ್ಪಿನೆಯ ಚಿತ್ರ ಇಪ್ಪತ್ತಾರು ನಿಮಿಷದ್ದು.
ರಷ್ಯಾಕ್ಕೆ ಗಾರೆಕೆಲಸಕ್ಕೆ ಹೋಗಿ
ಅಲ್ಲೇ ಇನ್ನೊಂದು ಒಲೆ ಹೂಡಿದ ಗಂಡಸರ
ಇಲ್ಲಿನ ಹೆಂಡತಿಯರ ಬಗ್ಗೆ.
ದುಡ್ಡು? ಅವಳಜ್ಜಿಯ ಎರಡು ಜಮಖಾನೆ ಮಾರಿದ್ದು,
ಉಳಿದದ್ದು ಉದ್ರಿ.
ಹ್ರಿಪ್ಸಿಮೆಯ ಅಡುಗೆಮನೆಯಲ್ಲಿ ಎರಡು ದಿನ ಕೂತೆವು.
ಮೂಲೆಯಲ್ಲಿ ಫ್ರಿಜ್ಜು, ಅವನು ಮೊದಲ ವರ್ಷದ ಗಳಿಕೆಯಲ್ಲಿ ಕೊಡಿಸಿದ್ದು,
ಅವಳು ಬಾಯಿ ಬಿಟ್ಟಾಗೆಲ್ಲ ನಡುವೆ ಬಾಯಿ ಹಾಕುತ್ತಿತ್ತು.
ಪ್ಲಗ್ ಕಿತ್ತೆ. ಕಸುಬು.
ಮತ್ತೆ ಸಿಕ್ಕಿಸಲು ಮರೆಯಬಾರದಲ್ಲ,
ವ್ಯಾನಿನ ಕೀಲಿಯನ್ನು ಫ್ರಿಜ್ಜಿನೊಳಗೆ ಚೀಸಿನ ಪಕ್ಕ ಇಟ್ಟೆ,
ಹೊರಡುವಾಗ ತಾನಾಗಿ ನೆನಪಾಗುತ್ತದೆ,
ಕೆಲಸ ಕಲಿಸಿದವನು ಹೇಳಿಕೊಟ್ಟ ಉಪಾಯ.

ಸಿಕ್ಕಿದ್ದು ಎಂಥ ನಿಮಿಷ!
ಒಂದು ಕಲೆಯಿಲ್ಲ, ಒಂದು ಸುಕ್ಕಿಲ್ಲ.
ಅವಳ ಮಾತಿನ ಕೆಳಗೆ ಉದ್ದಕ್ಕೂ ಹಾಸಿದೆ.

ಡಿಸೆಂಬರಿನಲ್ಲಿ, ಮುಚ್ಚಿಹೋದ ಕಾಲುಚೀಲ ಕಾರ್ಖಾನೆಯ
ಊಟದ ಹಾಲಿನಲ್ಲಿ, ಬೆಡ್‌ಶೀಟಿನ ಮೇಲೆ ತೋರಿಸಿದೆವು.
ಮೂವತ್ತೆಂಟು ಜನ, ಯಾರೂ ಕೋಟು ಬಿಚ್ಚಲಿಲ್ಲ.
ದೀಪ ಹತ್ತಿತು. ಕೇಳುವುದಿದ್ದರೆ ಕೇಳಿ, ಅಂದಳು ಅರ್ಪಿನೆ.
ಹ್ರಿಪ್ಸಿಮೆ ಎದ್ದಳು.
ಅತ್ತದ್ದನ್ನು ಇಟ್ಟೆವೆಂದೋ, ಅವನ ಹೆಸರು ಬಂತೆಂದೋ,
ನಾವು ಉಗುಳು ನುಂಗಿಕೊಂಡೆವು.

'ಅದು ನನ್ನ ಅಡುಗೆಮನೆ ಅಲ್ಲ.'

ನಿಮ್ಮದೇ, ಅಂದಳು ಅರ್ಪಿನೆ, ಅದೇ ಪರದೆ, ಅದೇ ಕೆಂಪು ಕೆಟಲು.

'ಕಾಣುವುದು ನನ್ನದು. ಕೇಳುವುದಲ್ಲ.
ನನ್ನ ಫ್ರಿಜ್ಜು ಗೊಣಗುತ್ತದೆ,
ನಿಲ್ಲುವ ಮುಂಚೆ ಹಳೇ ಬಸ್ಸಿನ ಹಾಗೆ ನಡುಗುತ್ತದೆ.
ಹನ್ನೊಂದು ವರ್ಷದಿಂದ ರಾತ್ರಿ ನಾನು ಅದಕ್ಕೆ ಬೈಯುತ್ತೇನೆ,
ಅದು ಎದುರುತ್ತರ ಕೊಡುತ್ತದೆ.
ಇಷ್ಟು ಖಾಲಿ ಮನೆಯಲ್ಲಿ
ನಾನು ಯಾವತ್ತೂ ಬದುಕಿಲ್ಲ.'

ಯಾರೋ ನಕ್ಕರು.
ಅರ್ಪಿನೆ ನನ್ನತ್ತ ನೋಡಿದಳು, ನಾನು ಬೂಟಿನ ಲಾಡಿಯತ್ತ.

ಮರುದಿನ ಪೆಟ್ಟಿಗೆ ಹೊತ್ತು ಹೋದೆ.
ಕೈ ಎತ್ತಿ 'ಒಂದು ನಿಮಿಷ' ಅನ್ನುವಷ್ಟರಲ್ಲಿ
ಅವಳೇ ತುಟಿಗೆ ಬೆರಳಿಟ್ಟು ನನ್ನನ್ನು ಸುಮ್ಮನಾಗಿಸಿದಳು.
ಫ್ರಿಜ್ಜು ಗೊಣಗಿತು, ಗೊಣಗಿತು,
ಮೈ ಕೊಡವಿ ನಿಂತಿತು.
ಮುಳ್ಳು ಇಳಿದು ಮಲಗಿತು.
ಕೆಳಗಿನ ಮನೆಯಲ್ಲಿ ಯಾರೋ ಆಕ್ರೋಡು ಒಡೆಯುತ್ತಿದ್ದರು.
ಹ್ರಿಪ್ಸಿಮೆ ಹುಬ್ಬೇರಿಸಿದಳು, ಸಿಕ್ಕಿತಾ ಎನ್ನುವಂತೆ.

ಹೊರಟಾಗ ಜೇಬು ತಡಕಿದೆ, ಕೀಲಿ ಇಲ್ಲ.
ಅವಳು ಎದ್ದುಹೋಗಿ ಫ್ರಿಜ್ಜಿನ ಬಾಗಿಲು ತೆಗೆದಳು.
ಪ್ಲಗ್ ಮುಟ್ಟದಿದ್ದರೂ ಕೈ ತನ್ನ ರೂಢಿ ಬಿಟ್ಟಿರಲಿಲ್ಲ:
ಚೀಸಿನ ಪಕ್ಕ, ತಣ್ಣಗೆ.