ಸಿಳ್ಳೆ

ಮೂರು. ಐದು. ಮೂರೂವರೆ. ಮತ್ತೆ ಆರು.
ಮೂರನೇ ಬಾಯ್ಲರಿನ ಆಮ್ಲಜನಕ
ಕಣ್ಣಿ ಹರಿದ ಕರುವಿನ ಹಾಗೆ
ಪರದೆಯ ತುಂಬ ಕುಣಿಯುತ್ತಿದೆ.
ಹೊರಗೆ ದರ್ಖಾನ್, ಸೊನ್ನೆಗಿಂತ ಮೂವತ್ತೊಂದು ಕೆಳಗೆ,
ನಮ್ಮ ಬಿಸಿನೀರಿನ ಕೊಳವೆಗಳಿಗೆ ಬೆನ್ನು ಕೊಟ್ಟು ಮಲಗಿದೆ.

ಮೊದಲು ತಂತಿಯನ್ನು ಅನುಮಾನಿಸಿದೆ,
ಅದು ನಮ್ಮ ಕಸುಬಿನ ಚಾಳಿ.
ತುದಿ ಬಿಚ್ಚಿ, ಕೆರೆದು, ಮತ್ತೆ ಬಿಗಿದೆ: ಆರು.
ಹೀಟರು ಏಳುನೂರು ಡಿಗ್ರಿ, ಅದರ ತಪ್ಪಿಲ್ಲ.
ಎರಡೆಂದು ಚೀಟಿ ಅಂಟಿಸಿದ ಸಿಲಿಂಡರಿನ ಗಾಳಿ ಬಿಟ್ಟರೆ
ಅದಕ್ಕೂ ನಾಲ್ಕು ಅನ್ನುತ್ತದೆ, ಮರುಗಳಿಗೆ ಮೂರು.
ಕೆಳಗಿನಿಂದ ದಾಶ್ದೊಂದೊಗ್ ಫೋನಿನಲ್ಲಿ:
"ಸೊಲೊಂಗೊ, ಗಾಳಿ ಹೆಚ್ಚಾಯಿತೆಂದು ಫ್ಯಾನು ತಗ್ಗುತ್ತಲೇ ಇದೆ,
ಬೆಂಕಿ ಕೆಂಪಗೆ ಕೆಮ್ಮುತ್ತಿದೆ. ಬೇಗ."

ಈ ಉಪಕರಣಕ್ಕೆ ಒಂಟಿಯಾಗಿ ಏನೂ ತಿಳಿಯದು.
ಬೆರಳುದ್ದದ ಬಿಳಿ ಪಿಂಗಾಣಿ,
ಒಂದು ಮೈಗೆ ಹೊಗೆ,
ಇನ್ನೊಂದು ಮೈಗೆ ನಾವು ಉಸಿರಾಡುವ ಗಾಳಿ.
ನಡುವಿನ ಅಂತರವಷ್ಟೇ ಅದರ ಮಾತು.
ಹೊರಗೆ ಬಡವಾದರೆ
ಒಳಗೆ ಸಿರಿಯೆಂದು ಸಾರುತ್ತದೆ.
ಇಷ್ಟು ನೆನಪಾದದ್ದು ಏಣಿಯ ನಡುವೆ,
ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಾಗ.

ಹಿಂಬದಿಯ ಗಾಳಿಕಿಂಡಿಯಲ್ಲಿ
ಏನೋ ಮೆತ್ತಗೆ.
ಇಲಿಯೆಂದು ಕೈ ಎಳೆದುಕೊಂಡೆ.
ಒಂಟೆಯುಣ್ಣೆಯ ಕೈಗವಸು. ಎಡಗೈಯದು.
ಹೆಬ್ಬೆರಳಿಗೆ ಹಸಿರು ನೂಲಿನ ತೇಪೆ;
ಯಾರ ಮನೆಯ ಸೂಜಿಯೆಂದು ಇಡೀ ಪಾಳಿಗೆ ಗೊತ್ತು.

ಗೊಂಬೊಸುರೆನ್ ಉಪ್ಪುಚಹಾದಿಂದ ಕಣ್ಣೆತ್ತಲಿಲ್ಲ.
"ರಾತ್ರಿಯೆಲ್ಲ ಸಿಳ್ಳೆ ಹಾಕುತ್ತಿತ್ತು ಆ ಕಿಂಡಿ.
ಸೂರಿನಡಿ ಸಿಳ್ಳೆ ಹಾಕಬಾರದು, ಬಿರುಗಾಳಿಯನ್ನು ಕರೆದಂತೆ.
ನನ್ನಜ್ಜಿಯಾಗಿದ್ದರೆ ಬಾಯಿಗೇ ಬಾರಿಸುತ್ತಿದ್ದಳು.
ನಾನು ಬರಿದೆ ಮುಚ್ಚಿದೆ."

ಬಯ್ಯಬೇಕೆಂದೇ ಇಳಿದು ಬಂದಿದ್ದೆ.
ಗವಸನ್ನು ಅವನ ತೊಡೆಯ ಮೇಲೆ ಹಾಕಿದೆ.
ಮಸಿ ಹಿಡಿದು ರೊಟ್ಟಿಯಂತೆ ಸೆಟೆದಿತ್ತು.
ಕೊಡವಿದ, ಮೂಸಿದ, ತೊಟ್ಟುಕೊಂಡ.
"ಎರಡು ವಾರ ಒಂದು ಕೈಯನ್ನು ಜೇಬಿನಲ್ಲಿಟ್ಟು ತಿರುಗಿದೆ" ಅಂದ,
ಸಾಲ ಕೊಟ್ಟವನ ದನಿಯಲ್ಲಿ.

ಪಾಳಿ ಪುಸ್ತಕದಲ್ಲಿ ಬರೆದೆ:
ಹೋಲಿಕೆ ಗಾಳಿಯ ಕಿಂಡಿಯಲ್ಲಿ ಅಡಚಣೆ. ತೆಗೆಯಲಾಗಿದೆ.
ಎಂಥ ಅಡಚಣೆ ಎಂಬ ಕಾಲಂ ಇತ್ತು.
ಉಣ್ಣೆ, ಎಂದಷ್ಟೇ ತುಂಬಿದೆ.

ಎರಡು ಪಾಯಿಂಟ್ ಎಂಟು.
ಎರಡು ಪಾಯಿಂಟ್ ಎಂಟು.
ಮೇಲೆ ಕಿಂಡಿ ಮತ್ತೆ ಶುರು ಮಾಡಿದೆ,
ಗೊಂಬೊಸುರೆನ್ ಟೋಪಿಯನ್ನು ಕಿವಿಗೆಳೆದುಕೊಂಡು
ನನ್ನತ್ತ ನೋಡುತ್ತಾನೆ,
ಕೇಳಿತೇ, ಗಾಳಿಯನ್ನು ಕರೆಯುತ್ತಿದೆ, ಎಂಬಂತೆ.

ಕರೆಯಲಿ.