ಕುಲಾವಿ

ನನ್ನ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ೨೧೪.
ಬರೆದ ಹುಡುಗ ಟೀ ಕುಡಿದು
ಒಣಗುವ ತನಕ ಮುಟ್ಟಬೇಡಿ ಅಂದ.
ಹನ್ನೊಂದು ವರ್ಷವಾಯಿತು.
ಮುಟ್ಟಿಲ್ಲ.

ಕಿಟೂಯಿಯ ಈ ಕೆಮ್ಮಣ್ಣಿಗೆ ಆಗ ಕೊರೆಯುವ ಯಂತ್ರ ಬಂದಿತ್ತು.
ನೆಲದ ಹೊಟ್ಟೆಯಿಂದ ಉದ್ದುದ್ದ ಕಲ್ಲಿನ ಕೋಲು ಎಳೆದು
ಹಲಗೆಯ ಮೇಲೆ ಮಲಗಿಸಿದರು:
ಬೂದು, ಬೂದು, ಬೂದು,
ಆಮೇಲೆ ಒಂದು ಮೊಳ ಕಪ್ಪು.
ಆ ಒಂದು ಮೊಳಕ್ಕೆ ಚಪ್ಪಾಳೆ ತಟ್ಟಿದರು.
ನಾನೂ ತಟ್ಟಿದೆ, ಸುಳ್ಳೇಕೆ ಹೇಳಲಿ.
ತಂಗಿಯ ಹತ್ತಿರ ಸಾಲ ಮಾಡಿ
ಆರು ಬೆಂಚು, ನಲವತ್ತು ತಟ್ಟೆ ತಂದು
‘ಕೋಲ್ ವ್ಯೂ ಹೋಟೆಲ್’ ಅಂತ ಬೋರ್ಡು ಹಾಕಿದವಳು ನಾನೇ.

ಲೆಕ್ಕದವರು ಎಲ್ಲವನ್ನೂ ಎಣಿಸಿದರು.
ಮನೆ, ಮೇಕೆ, ಮರ, ಮರಕ್ಕೆ ತೂಗುಬಿಟ್ಟ ಜೇನಿನ ಬೊಡ್ಡೆ.
ಗೋರಿಗಳನ್ನೂ.
ಸ್ಯೋಂಬುವಾ ಕೇಳಿದಳು:
ನನ್ನ ಮಗುವಿನದು ಸಣ್ಣ ಗೋರಿ, ಅದಕ್ಕೆ ಅರ್ಧವೇ ಕೊಡ್ತೀರಾ?
ಅವನು ಪೆನ್ನಿನ ಮುಚ್ಚಳ ಕಚ್ಚಿಕೊಂಡು ನಿಂತ.
ಪುಸ್ತಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಇನ್ನು ಏನೂ ಕಟ್ಟಬೇಡಿ, ಅಂದರು. ಏನೂ ನೆಡಬೇಡಿ.
ನಾವು ಹೆಸರುಕಾಳು ಬಿತ್ತಿದೆವು,
ಎರಡು ತಿಂಗಳ ಬೆಳೆ, ಎರಡು ತಿಂಗಳ ಧೈರ್ಯ.
ನಾಳೆ ಕೆಡವುವ ಸೂರಿಗೆ ಇವತ್ತು ಮೊಳೆ ಯಾಕೆ?
ಶಾಲೆಯ ನಾಲ್ಕನೇ ಗೋಡೆ ಕಿಟಕಿಯ ಎತ್ತರಕ್ಕೇ ನಿಂತಿತು.
ಮಕ್ಕಳು ಅದರ ಮೇಲೆ ಕೂತು ಮಗ್ಗಿ ಕಲಿತರು.

ಮುನ್ಯೋಕಿ ಮಾತ್ರ ರಾತ್ರೋರಾತ್ರಿ
ಮುನ್ನೂರು ಮಾವಿನ ಸಸಿ ನೆಟ್ಟ,
ಮೊಳಕ್ಕೊಂದರಂತೆ.
ಮರಕ್ಕಿಷ್ಟು ಅಂತ ಕಂಪನಿ ಕೊಡುತ್ತದಂತೆ.
ನೆರಳಿಗಲ್ಲ, ಹಣ್ಣಿಗಲ್ಲ, ಎಣಿಕೆಗೆ.
ನಾವು ನಕ್ಕೆವು. ನಕ್ಕು, ನಾವೂ ಸಸಿ ಹುಡುಕಿದೆವು.

ಆಮೇಲೆ ಕಾಗದ ಕೋರ್ಟಿಗೆ ಹೋಯಿತು.
ಕಂಪನಿ ಹೆಸರು ಬದಲಿಸಿತು.
ಮುಸೆಂಬಿ ರೇಡಿಯೋ ಕೇಳಿ ಬಂದು ಹೇಳುವನು:
ಬರುತ್ತದಂತೆ.
ಮುಂದಿನ ವಾರ: ಬರುವುದಿಲ್ಲವಂತೆ.
ಈ ಎರಡು ‘ಅಂತೆ’ಗಳ ನಡುವೆ
ನನ್ನ ನಲವತ್ತು ತಟ್ಟೆಗಳಲ್ಲಿ ಹದಿನೇಳು ಉಳಿದವು.

ಕೊರೆದ ತೂತಿನ ಬಾಯಿಗೆ ತೊಡಿಸಿದ
ಕಬ್ಬಿಣದ ಟೋಪಿ ಇನ್ನೂ ಇದೆ ಹಿತ್ತಲಲ್ಲಿ.
ಕೂಸು ಹುಟ್ಟುವ ಮುಂಚೆ ಹೊಲಿದ ಕುಲಾವಿ.
ನನ್ನ ಹುಂಜ ಅದರ ಮೇಲೆ ನಿಂತು ಕೂಗುತ್ತದೆ.
ಮಕ್ಕಳು ಕಿವಿಯಿಟ್ಟು ಆಲಿಸುತ್ತಾರೆ.
ಏನು ಕೇಳುತ್ತೆ? ಅಂದೆ.
ಏನಿಲ್ಲ, ಬಿಸಿಲಿಗೆ ಕಿವಿ ಸುಡುತ್ತೆ.

ಈ ಡಿಸೆಂಬರಿನಲ್ಲಿ ಮುನ್ಯೋಕಿಯ ಮಾವು ಹಣ್ಣಾಗಿದೆ.
ಒಂದರ ಕಂಕುಳಿಗೆ ಇನ್ನೊಂದು ಕೈ ತೂರಿಸಿ
ಉಸಿರು ಕಟ್ಟಿಕೊಂಡು ಬೆಳೆದ ಮರಗಳು.
ಮೂರಕ್ಕೆ ಎರಡು ಕಡಿ, ಉಳಿದದ್ದು ಬದುಕುತ್ತೆ
ಅಂದರು ಕೃಷಿ ಇಲಾಖೆಯವರು.
ಕೊಡಲಿ ಹಿಡಿದು ಆ ತುದಿಯಿಂದ ಈ ತುದಿಗೆ ನಡೆದ.
ಯಾವ ಎರಡು ಅಂತ ತೋಚದೆ
ಕೊಡಲಿಯನ್ನು ನನ್ನ ಬೆಂಚಿಗೆ ಒರಗಿಸಿ
ಟೀ ಕೇಳಿದ.
ಒಂದು ಹಣ್ಣು ಕೊಟ್ಟ. ಹುಳಿ. ನಾರು ಜಾಸ್ತಿ.
ಇನ್ನೊಂದು ಕೇಳಿ ಇಸಿದುಕೊಂಡೆ.

ನಿನ್ನೆ ತಗಡಿನವನು ಬಂದಿದ್ದ: ಎಂಟು ಹಾಳೆ, ಮೊಳೆ ಬೇರೆ.
ಬಾಗಿಲಿಗೂ ಬಣ್ಣ ಹೊಡೆಯಲಾ, ಆ ನಂಬರು ಅಳಿಸಿ?
ಬೇಡ, ಅಂದೆ.
ಬೈಕ್ ಟ್ಯಾಕ್ಸಿಯ ಹುಡುಗರಿಗೆ
ಈಗ ಅದೇ ನನ್ನ ವಿಳಾಸ.