ಇತರೆ, ವಿವರಿಸಿ

ಮಂಡಕ್ಕಿ ಭಟ್ಟಿಯ ಓಣಿಯಲ್ಲಿ
ಬೆಳಗಿನ ಏಳಕ್ಕೇ ಆಕಾಶ ಮಸಿ ಅರಿವೆ.
ನನ್ನ ಹೆಗಲಚೀಲದಲ್ಲಿ ಬ್ಯಾಟರಿ ತಕ್ಕಡಿ,
ಇನ್ನೂರು ಮಿಲಿಯ ಸ್ಟೀಲು ಬಟ್ಟಲು,
ಮುದ್ದೆ ರೊಟ್ಟಿ ಅನ್ನಗಳ ಫೋಟೋ ಆಲ್ಬಂ,
ಮತ್ತೊಂದು ಟ್ಯಾಬು:
ಯಾವ ಊಟದ ಹೆಸರು ಒತ್ತಿದರೂ
ಅದಕ್ಕೊಂದು ಅಂಕಿ ಕೊಡುತ್ತದೆ.

ತರಬೇತಿಯಲ್ಲಿ ಹೇಳಿದ್ದರು:
ಇದೇ ಬಟ್ಟಲು ಈ ಹೊತ್ತು ಕಾರ್ಗಿಲ್‌ನಲ್ಲಿ,
ಕಚ್ಛಿನಲ್ಲಿ, ಕೊಹಿಮಾದ ಯಾವುದೋ ಒಲೆಯ ಮುಂದೆ;
ಪ್ರಶ್ನೆ ಒಂದೇ, ಅಳತೆ ಒಂದೇ,
ಆಗ ಮಾತ್ರ ದೇಶದ ಹೊಟ್ಟೆಯನ್ನು
ಕೂಡಿ ಭಾಗಿಸಲು ಬರುತ್ತದೆ.
ಬರೆದುಕೊಂಡೆ. ನಂಬಿದೆ.
ಈಗಲೂ ನಂಬುತ್ತೇನೆ, ಹೆಚ್ಚುಕಡಿಮೆ.

"ನಿನ್ನೆ ಎದ್ದಾಗಿನಿಂದ ಮಲಗೋ ತನಕ
ಏನೇನು ತಿಂದ್ರಿ, ಏನೇನು ಕುಡಿದ್ರಿ?"
ಹಾಜಿರಾಬಿಯ ಜಲ್ಲಡಿ ನಿಲ್ಲಲಿಲ್ಲ.
"ತಿಂದದ್ದು ಯಾರು ನೆನಪಿಟ್ಕಂತಾರವ್ವ?
ತಿನ್ನದೇ ಮಲಗಿದ್ದು ಕೇಳು,
ತಾರೀಖು ಸಮೇತ ಹೇಳ್ತೀನಿ."

ಅದಕ್ಕೆ ಕಾಲಮ್ಮಿಲ್ಲ. ಆಲ್ಬಂ ತೆರೆದೆ.
ಮುದ್ದೆ: ಸಣ್ಣದು, ಮಧ್ಯಮ, ದೊಡ್ಡದು.
ಮೂರರ ಮೇಲೂ ಬೆರಳಾಡಿಸಿ
ದೊಡ್ಡದರ ಅಂಚನ್ನು ಉಗುರಿನಿಂದ ಗೀರಿದಳು.
"ಇಷ್ಟು ಮುರಿದು ಮೊಮ್ಮಗನಿಗೆ. ಉಳಿದದ್ದು ನಾನು.
ಇಲ್ಲ ತಡಿ, ಅವನು ಬಿಟ್ಟದ್ದೂ ನಾನೇ."
ಕಳೆದೆ. ಕೂಡಿಸಿದೆ. ಅಳಿಸಿ ಮತ್ತೆ ಕಳೆದೆ.

"ಹತ್ತರಿಂದ ಎರಡರ ತನಕ?"
"ಏನಿಲ್ಲ. ಕೆಲಸ."
ಅಂದವಳೇ, ಬಿಸಿ ಮರಳಿಂದ ಆಗಷ್ಟೇ ಎದ್ದ
ಎರಡು ಕಾಳು ಬಾಯಿಗೆಸೆದುಕೊಂಡಳು.
ಕುರುಂ.
ತಲೆದೂಗಿದಳು. ಮುಂದಿನ ಬಾಣಲೆ.
"ಮತ್ತೆ ಇದು?"
"ಇದು ತಿನ್ನೋದಲ್ಲವ್ವ, ಇದು ನೋಡೋದು."
ದಿನಕ್ಕೆಷ್ಟು ಸಲ ನೋಡುತ್ತೀರಿ ಎಂದರೆ
ಭಟ್ಟಿಯೊಳಗಿನ ಗಂಡಸರೂ ನಕ್ಕರು.
ಎರಡು ಕಾಳು ತಕ್ಕಡಿಗಿಟ್ಟೆ: ಸೊನ್ನೆ.
ನಾಲ್ಕು, ಸೊನ್ನೆ. ಹತ್ತು, ಇಪ್ಪತ್ತು, ಸೊನ್ನೆಯೇ.
ಮೂವತ್ತರ ಆಚೀಚೆ ಯಾವುದೋ ಒಂದು ಕಾಳಿಗೆ
ತಕ್ಕಡಿ ಬೆಚ್ಚಿ, ಒಂದು ಎಂದಿತು.
ಯಾವ ಕಾಳೋ ನೋಡಲಾಗಲಿಲ್ಲ,
ಹೊಗೆ ಕಣ್ಣಿಗೆ ಹೊಕ್ಕಿತ್ತು.
ಹೊಗೆಗೂ ಕಾಲಮ್ಮಿಲ್ಲ.

ಆಮೇಲೆ ಅರಿಶಿನದ ಸ್ಯಾಂಪಲ್ಲು,
ಸೀಸ ಬೆರೆತಿದೆಯೇ ಎಂದು ಪರೀಕ್ಷೆಗೆ.
ಕಾಯಿಪೇಟೆಯಿಂದ ತಂದ ಬಿಡಿ ಪುಡಿ,
ಕಂಪನಿಯಿಲ್ಲ, ತಾರೀಖಿಲ್ಲ, ಬಣ್ಣ ಮಾತ್ರ ಧಾರಾಳ.
ಇಪ್ಪತ್ತು ಗ್ರಾಂ ಸಾಕೆಂದೆ.
ಡಬ್ಬಿಯ ತಳ ಬಡಿದು ಪೂರಾ ಸುರಿದಳು.
"ಮನೀ ತನಕ ಬಂದು ಕೇಳೀಯ,
ಚಿಟಿಕಿ ಲೆಕ್ಕ ಮಾಡ್ಲೇನು?"
ವಾಪಸು ಸುರಿಯುವಂತಿಲ್ಲ, ನಿಯಮ.
ಸಂಜೆಯ ಸಾರಿಗೆ ಅರಿಶಿನವಿಲ್ಲದ ಮನೆಯಿಂದ
ಮೂವತ್ತೆಂಟು ಗ್ರಾಂ ಎಂದು ಚೀಟಿ ಅಂಟಿಸಿದೆ.

ಚಪ್ಪಲಿ ಮೆಟ್ಟುವಾಗ, ಬಾಗಿಲ ಮರೆಯಿಂದ
ಸೊಸೆ ತಸ್ಮಿಯಾ. ಆರು ತಿಂಗಳು.
ನನ್ನ ಪಟ್ಟಿಯ ಎರಡನೇ ಹೆಸರು;
ಎಲ್ಲ ಪ್ರಶ್ನೆಗೂ "ಅತ್ತೆ ಹೇಳಿದ್ದೇ" ಅಂದಿದ್ದಳು.
"ಅಕ್ಕ, ಒಂದು ಬಿಟ್ಟೋಯ್ತು. ಬಳಪ.
ಮಗನ ಅಂಗನವಾಡಿ ಚೀಲದ್ದು.
ದಿನಾ ಎರಡು, ಒಮ್ಮೊಮ್ಮೆ ನಾಕು.
ಮೊದಲ ಮಳೆ ಬಿದ್ದ ನೆಲ ಇರ್ತದಲ್ಲ, ಆ ರುಚಿ.
ಅತ್ತೆಗೆ ಹೇಳಬ್ಯಾಡ್ರಿ."

'ಬ' ಒತ್ತಿದೆ.
ಬಟಾಣಿ, ಬದನೆ, ಬಸಳೆ, ಬಾದಾಮಿ,
ಬಾಳೆಯೇ ಏಳು ಬಗೆ.
ಬೆರಳು ಪಟ್ಟಿಯ ತಳ ಮುಟ್ಟಿತು:
ಇತರೆ, ವಿವರಿಸಿ.

ಬರೆದೆ. ಪ್ರಮಾಣ ಎಷ್ಟೆಂದು ಕೇಳಿತು.
ಅವಳು ಅಂಗೈ ಬಿಚ್ಚಿದಳು.
ಅರ್ಧ ಕಚ್ಚಿದ ತುಂಡು, ತುದಿ ಇನ್ನೂ ಒದ್ದೆ.
ಹೊಸ್ತಿಲ ಮೇಲೆ ಕೂತು ತಕ್ಕಡಿ ಹಚ್ಚಿದೆ.
ಈ ಸಲ ಅದು ತಡವರಿಸಲಿಲ್ಲ:
ಮೂರು ಗ್ರಾಂ,
ಉಳಿದದ್ದು.